ಕಾರು ಬೇರೆ, ಸಾಲ ಬೇರೆಯೇ?

ದೂರದಿಂದ ಕೊಂಡ ಹಳೆಯ ಕಾರು ಹೇಳಿದಂತಿಲ್ಲ ಎಂದು ಗೊತ್ತಾದ ದಿನ ಕೊಂಡವರು ಎರಡು ಕಡೆಗೆ ಫೋನು ಮಾಡುತ್ತಾರೆ. ಮೊದಲು ಮಾರಿದವರಿಗೆ. ಅಲ್ಲಿಂದ ಬರುವ ಉತ್ತರಗಳು ಹಲವು ಬಗೆಯವು: ತಪಾಸಣೆಯ ವರದಿ ಕಳಿಸಿದ್ದೆವಲ್ಲ, ಹಳೆಯ ಗಾಡಿ ಎಂದಮೇಲೆ ಸಣ್ಣಪುಟ್ಟದ್ದು ಇದ್ದೇ ಇರುತ್ತದೆ, ನಮ್ಮವರು ಬಂದು ನೋಡುತ್ತಾರೆ. ಆಮೇಲೆ ಸಾಲ ಕೊಟ್ಟವರಿಗೆ. ಅಲ್ಲಿಂದ ಬರುವುದು ಒಂದೇ ಉತ್ತರ: "ಗಾಡಿ ವಿಷಯ ನಮಗೆ ಸಂಬಂಧ ಇಲ್ಲ ಸರ್, ಐದನೇ ತಾರೀಖಿಗೆ ಖಾತೆಯಲ್ಲಿ ಕಂತಿನ ಹಣ ಇರಲಿ." ಈ ಎರಡನೆಯ ಉತ್ತರ ನ್ಯಾಯವಲ್ಲ ಎಂಬುದು ನನ್ನ ವಾದ. ಮಾರಾಟಗಾರನ ಕಿಟಕಿಯಲ್ಲೇ ಕುಳಿತು ಸಾಲ ಕೊಟ್ಟು, ಹಣವನ್ನು ನೇರವಾಗಿ ಮಾರಾಟಗಾರನ ಖಾತೆಗೇ ಹಾಕುವ ಸಂಸ್ಥೆಗೆ ಆ ಮಾರಾಟದ ಸತ್ಯಾಸತ್ಯದಲ್ಲಿ ಪಾಲಿರಬೇಕು. ಇಂದು ನಮ್ಮ ಕಾನೂನು ಆ ಪಾಲನ್ನು ಸ್ಪಷ್ಟವಾಗಿ ಹೊರಿಸಿಲ್ಲ. ಈ ಕೊರತೆಯ ಭಾರವನ್ನು ಘಟ್ಟದ ಮೇಲಿನ ನಮ್ಮಂಥ ಊರುಗಳು ಹೆಚ್ಚಾಗಿ ಹೊರುತ್ತವೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಯವರಿಗೆ ಕಾರು ಏಕೆ ಬೇಕು ಎಂದು ಕೇಳುವವರಿದ್ದಾರೆ. ಈ ಮೂರೂ ತಾಲ್ಲೂಕುಗಳಲ್ಲಿ ರೈಲಿಲ್ಲ. ಸಿದ್ದಾಪುರದ ಮಗ್ಗುಲಲ್ಲಿ, ಸಾಗರ ತಾಲ್ಲೂಕಿನ ತಾಳಗುಪ್ಪದಲ್ಲಿ ಹಳಿ ಮುಗಿದುಹೋಗುತ್ತದೆ. ಯಲ್ಲಾಪುರದ ಮೇಲೆ ಹಾಯಬೇಕಾದ ಹುಬ್ಬಳ್ಳಿ–ಅಂಕೋಲಾ ಮಾರ್ಗ ದಶಕಗಳ ಬೇಡಿಕೆಯಾಗಿಯೇ ಉಳಿದಿದೆ. ಮನೆಗಳು ಒತ್ತೊತ್ತಾಗಿಲ್ಲ. ತೋಟದ ತಲೆಯ ಮೇಲೆ, ಬೆಟ್ಟದ ಬುಡದಲ್ಲಿ ಒಂದೊಂದೇ ಮನೆ. ಬಸ್ಸು ನಿಲ್ಲುವ ಕ್ರಾಸಿನಿಂದ ಮನೆಯಂಗಳಕ್ಕೆ ಮಳೆಗಾಲದಲ್ಲಿ ಕೆಸರಾಗುವ ಮಣ್ಣುರಸ್ತೆ. ನಡುರಾತ್ರಿ ಯಾರಿಗಾದರೂ ಎದೆನೋವು ಬಂದರೆ ಮೊದಲು ತಾಲ್ಲೂಕು ಕೇಂದ್ರಕ್ಕೆ, ಅಲ್ಲಿಂದ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಕೂಗುತ್ತಲೇ ಇದ್ದಾರೆ. ಇಂಥ ಕಡೆ ಕಾರನ್ನು ಶೋಕಿ ಎಂದು ಕರೆಯುವುದು ಸಲ್ಲದು.

ಹೊಸ ಕಾರಿನ ಬೆಲೆ ಒಂದೆರಡು ಎಕರೆ ತೋಟದವರ ಕೈಗೆ ಎಟುಕುವುದಿಲ್ಲ. ಹಾಗಾಗಿ ಹಳೆಯ ಗಾಡಿ. ಹಿಂದೆ ಅದನ್ನು ಕೊಳ್ಳುವ ಕ್ರಮ ಬೇರೆಯಿತ್ತು. ಗುರುತಿನ ಮೆಕ್ಯಾನಿಕ್ಕನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋಗುವುದು, ಬಾನೆಟ್ ಎತ್ತಿಸುವುದು, ಎಂಜಿನ್ನಿನ ಸದ್ದು ಕೇಳುವುದು, ನಾಲ್ಕು ಸುತ್ತು ಓಡಿಸಿ ನೋಡುವುದು. ಮಾರುವವನ ಊರು, ಮನೆ, ಸಂಬಂಧ ಎಲ್ಲವೂ ಯಾರಿಗಾದರೂ ಗೊತ್ತಿರುತ್ತಿತ್ತು. ಈಗ ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲೇ ಕಾರು ಆರಿಸುತ್ತಾನೆ, ಫೋನಿನಲ್ಲೇ ಸಾಲ ಮಂಜೂರಾಗುತ್ತದೆ, ಒಂದು ದಿನ ಲಾರಿಯ ಮೇಲೋ ಯಾರೋ ಓಡಿಸಿಕೊಂಡೋ ಕಾರು ಅಪ್ಪ-ಅಮ್ಮನ ಅಂಗಳಕ್ಕೆ ಬರುತ್ತದೆ. ಇದರಲ್ಲಿ ತಪ್ಪಿಲ್ಲ. ಊರಿಗೆ ಒಳ್ಳೆಯ ಗಾಡಿಗಳು ಬರುವುದಕ್ಕೂ ಇದೇ ದಾರಿಯಾಗಿದೆ. ಆದರೆ ಈ ದಾರಿಯಲ್ಲಿ ಕಾರನ್ನು ಕಣ್ಣಾರೆ ಕಂಡವರು ಮಾರಿದವರು ಮಾತ್ರ. ಕೊಂಡವರು ಕಂಡದ್ದು ಬರೆದ ಮಾತು ಮತ್ತು ತೆಗೆದ ಫೋಟೋ.

ಆದ್ದರಿಂದ ದೂರದ ಮಾರಾಟದಲ್ಲಿ ಬಿಕರಿಯಾಗುವುದು ಮೊದಲಿಗೆ ವರ್ಣನೆ. "ಒಬ್ಬರೇ ಮಾಲೀಕರು, 42 ಸಾವಿರ ಕಿಲೋಮೀಟರ್, ಅಪಘಾತ ಇಲ್ಲ, ನೀರು ಹೊಕ್ಕಿಲ್ಲ" ಎಂಬ ನಾಲ್ಕು ಮಾತಿಗೆ ನಾಲ್ಕೈದು ಲಕ್ಷ ರೂಪಾಯಿ. ಶಿರಸಿಯ ಮಾರುಕಟ್ಟೆಯಲ್ಲಿ ಅಡಿಕೆ ಮಾರುವವರಿಗೆ ಈ ತತ್ವ ಹೊಸದಲ್ಲ. ವ್ಯಾಪಾರಿ ಮಾಲನ್ನು ಕೈಯಲ್ಲಿ ಹಿಡಿದು ನೋಡಿ ಟೆಂಡರ್ ಬರೆಯುತ್ತಾನೆ. ಚೀಲದ ಬಾಯಲ್ಲಿ ಕಂಡದ್ದು ತಳದಲ್ಲಿ ಇಲ್ಲದಿದ್ದರೆ ಆ ವ್ಯಾಪಾರ ನಿಲ್ಲುವುದಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 15ನೇ ಕಲಮು ಹೇಳುವುದೂ ಇದನ್ನೇ. ವರ್ಣನೆಯ ಮೇಲೆ ಮಾರಿದ ಸರಕು ಆ ವರ್ಣನೆಗೆ ಹೊಂದಲೇಬೇಕು, ಅದು ಕರಾರಿನ ಷರತ್ತು. ಮಾದರಿ ತೋರಿಸಿ ಮಾರಿದ್ದರೂ ಅಷ್ಟು ಸಾಲದು, ವರ್ಣನೆಗೂ ಹೊಂದಬೇಕು. ತೊಂಬತ್ತು ವರ್ಷ ದಾಟಿದ ಈ ಕಲಮು ಇಂದಿನ ಮೊಬೈಲ್ ಮಾರಾಟಕ್ಕೆ ಅಳತೆ ತೆಗೆದು ಹೊಲಿದಂತಿದೆ. ಆದರೂ ಜಗಳ ಬಂದಾಗ ಅದನ್ನು ನೆನೆಯುವವರು ಕಡಿಮೆ.

ಸುಳ್ಳು ಎಲ್ಲೆಲ್ಲಿ ಅಡಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಯಾಕೆಂದರೆ ತಕರಾರು ಗೆಲ್ಲುವುದು ಸೋಲುವುದು ಅಲ್ಲೇ. ಮೊದಲನೆಯದು ಮೀಟರು ತಿರುಗಿಸುವುದು. ಬ್ರಿಟನ್ನಿನಲ್ಲಿ ಮೂರು ವರ್ಷ ಕಳೆದ ಕಾರು ಪ್ರತಿ ವರ್ಷ ಎಂಒಟಿ ಪರೀಕ್ಷೆಗೆ ಹೋಗುತ್ತದೆ. ಅಲ್ಲಿ ಮೀಟರಿನ ಓದು ದಾಖಲಾಗುತ್ತದೆ, ಯಾರು ಬೇಕಾದರೂ ಅದನ್ನು ಉಚಿತವಾಗಿ ನೋಡಬಹುದು. ನಮ್ಮಲ್ಲಿ ಖಾಸಗಿ ಕಾರಿನ ಮೊದಲ ನೋಂದಣಿಗೆ 15 ವರ್ಷದ ಆಯುಷ್ಯ. ಅಷ್ಟರೊಳಗೆ ಕಿಲೋಮೀಟರನ್ನು ಬರೆದಿಡುವ ಅಂಥ ನಿಯತ ಸರ್ಕಾರಿ ಪರೀಕ್ಷೆಯಿಲ್ಲ. ಹಾಗಾಗಿ ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದ ದಾಖಲೆಯೇ ಮುಖ್ಯ ಸಾಕ್ಷಿ. ಅದಿಲ್ಲದಿದ್ದರೆ ಗಾಡಿಯ ಮೈಯೇ ಹೇಳಬೇಕು: ಸವೆದ ಪೆಡಲು, ನುಣುಪಾದ ಸ್ಟೀರಿಂಗು, ಟೈರಿನ ಮೇಲಿನ ನಾಲ್ಕು ಅಂಕಿ. ಆ ನಾಲ್ಕರಲ್ಲಿ ಮೊದಲೆರಡು ಟೈರು ತಯಾರಾದ ವಾರ, ಕೊನೆಯೆರಡು ವರ್ಷ. 30 ಸಾವಿರ ಕಿಲೋಮೀಟರ್ ಓಡಿದೆ ಎಂಬ ಕಾರಿಗೆ ನಾಲ್ಕೂ ಟೈರು ಈಚಿನವಾದರೆ ಪ್ರಶ್ನೆ ಏಳಬೇಕು.

ಎರಡನೆಯದು ಅಪಘಾತ. ಒಂದು ಬಾಗಿಲಿನ ಗಾಜಿನ ಗುರುತು ಉಳಿದ ಗಾಜುಗಳಿಗಿಂತ ಬೇರೆಯಿದ್ದರೆ ಅದು ಬದಲಾದ ಗಾಜು. ವಿಮೆಯ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಎಂಬ ಸಾಲಿರುತ್ತದೆ. ಪರಿಹಾರ ಕೇಳದ ಮೊದಲ ವರ್ಷಕ್ಕೆ ಶೇಕಡಾ 20ರಿಂದ ಶುರುವಾಗಿ ಐದು ವರ್ಷಕ್ಕೆ ಶೇಕಡಾ 50ರವರೆಗೆ ಏರುವ ರಿಯಾಯಿತಿ ಅದು. ಐದಾರು ವರ್ಷ ಒಬ್ಬರ ಕೈಯಲ್ಲೇ ಇದ್ದ, ವಿಮೆ ತಪ್ಪದೆ ಕಟ್ಟಿದ ಕಾರಿನಲ್ಲಿ ಅದು ಸೊನ್ನೆಗೆ ಬಂದಿದ್ದರೆ ಹಿಂದಿನ ವರ್ಷ ಏನಾಗಿತ್ತು ಎಂದು ಕೇಳುವ ಹಕ್ಕು ಕೊಳ್ಳುವವರಿಗಿದೆ. ಮೂರನೆಯದು ನೀರು. 2015ರ ಚೆನ್ನೈ, 2018ರ ಕೇರಳ, 2022ರ ಸೆಪ್ಟೆಂಬರಿನ ಬೆಂಗಳೂರು, ಹೀಗೆ ಪ್ರತಿ ನೆರೆಯ ಹಿಂದೆಯೂ ಮುಳುಗಿದ ಕಾರುಗಳ ಒಂದು ಅಲೆ ಏಳುತ್ತದೆ. ವಿಮೆಯವರು ಪೂರ್ತಿ ನಷ್ಟವೆಂದು ಹಣ ಕೊಟ್ಟು ಬಿಟ್ಟ ಗಾಡಿ ಗುಜರಿಗೇ ಹೋಗುತ್ತದೆ ಎಂಬ ಖಾತರಿಯಿಲ್ಲ. ಸೀಟು ಬೆಲ್ಟನ್ನು ಕೊನೆಯವರೆಗೆ ಎಳೆದರೆ ಕೆಸರಿನ ಗೆರೆ ಕಾಣಬಹುದು. ತೊಳೆದಿದ್ದರೆ ಅದೂ ಕಾಣದು. ಆರು ತಿಂಗಳ ಬಳಿಕ, ನಮ್ಮ ಮಳೆಗಾಲದ ತೇವದಲ್ಲಿ, ವಯರಿಂಗ್ ಒಂದೊಂದಾಗಿ ಕೈಕೊಡತೊಡಗುತ್ತದೆ. ನಾಲ್ಕನೆಯದು ದೂರದ ಊರಿನ ನೋಂದಣಿ. ದೆಹಲಿ ಸುತ್ತಲಿನ ಪ್ರದೇಶದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿಗಳನ್ನು ಓಡಿಸಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅಲ್ಲಿ ಬೆಲೆ ಕಳೆದುಕೊಂಡ ಗಾಡಿ ಇಲ್ಲಿ ಅಗ್ಗವಾಗಿ ಸಿಗುತ್ತದೆ. ಆದರೆ ಎನ್‌ಒಸಿ, ಮರುನೋಂದಣಿ, ಇಲ್ಲಿನ ತೆರಿಗೆ ಎಲ್ಲ ಸೇರಿಸಿ ಕೆಎ-31 ಸಂಖ್ಯೆ ಬರುವ ಹೊತ್ತಿಗೆ ಅಗ್ಗ ಎಂಬುದು ಉಳಿದಿರುವುದಿಲ್ಲ.

ಇಷ್ಟೆಲ್ಲ ಕೊಳ್ಳುವವರೇ ನೋಡಿಕೊಳ್ಳಬೇಕಿತ್ತು ಎಂಬುದು ಮಾರಾಟಗಾರರ ಮೊದಲ ವಾದ. ಇದನ್ನು ನಾನು ಒಪ್ಪುವುದಿಲ್ಲ. 1872ರ ಕರಾರು ಕಾಯ್ದೆ ಮೋಸ ಮತ್ತು ತಪ್ಪು ನಿರೂಪಣೆಯ ನಡುವೆ ಒಂದು ವ್ಯತ್ಯಾಸ ಮಾಡುತ್ತದೆ. ಗೊತ್ತಿಲ್ಲದೆ ಹೇಳಿದ ತಪ್ಪು ಮಾತಾದರೆ, ಅಥವಾ ಮಾರುವವರು ಬಾಯಿ ಮುಚ್ಚಿ ಕುಳಿತಿದ್ದರೆ, ಸಾಮಾನ್ಯ ಎಚ್ಚರದಿಂದ ಸತ್ಯ ತಿಳಿಯಬಹುದಿತ್ತೇ ಎಂಬ ಪ್ರಶ್ನೆ 19ನೇ ಕಲಮಿನಲ್ಲಿ ಬರುತ್ತದೆ. ಗೊತ್ತಿದ್ದೂ "ಅಪಘಾತ ಆಗಿಲ್ಲ" ಎಂದು ಬರೆದವರಿಗೆ ಆ ರಕ್ಷಣೆ ಇಲ್ಲ. ಇನ್ನು ಕಾರು ಕಣ್ಣೆದುರೇ ಇಲ್ಲದಾಗ ಪರೀಕ್ಷಿಸಲಿಲ್ಲವೇಕೆ ಎಂದು ಯಲ್ಲಾಪುರದ ಮನೆಯಲ್ಲಿ ಕುಳಿತವರನ್ನು ಕೇಳುವುದಾದರೂ ಹೇಗೆ? ಸರಕು ಮಾರಾಟ ಕಾಯ್ದೆಯ 41ನೇ ಕಲಮು ಈ ಸಂದರ್ಭವನ್ನು ಮೊದಲೇ ಕಂಡಿದೆ. ಮುಂಚೆ ಪರೀಕ್ಷಿಸದ ಸರಕನ್ನು, ಪರೀಕ್ಷಿಸಲು ಸಮಂಜಸ ಅವಕಾಶ ಸಿಗುವವರೆಗೆ, ಕೊಂಡವರು ಒಪ್ಪಿಕೊಂಡರೆಂದು ಭಾವಿಸುವಂತಿಲ್ಲ. ನಮ್ಮ ಕಡೆ ಆ ಅವಕಾಶವೆಂದರೆ ಅಂಗಳದಲ್ಲಿ ಕೀಲಿ ತಿರುಗಿಸಿ ನೋಡುವುದಲ್ಲ. ನಾಲ್ಕು ಜನರನ್ನು ಕೂರಿಸಿಕೊಂಡು ದೇವಿಮನೆ ಘಟ್ಟವನ್ನೋ ಅರಬೈಲು ಘಟ್ಟವನ್ನೋ ಒಮ್ಮೆ ಇಳಿದು ಹತ್ತಿದಾಗಲೇ ಕ್ಲಚ್ಚು, ಬ್ರೇಕು, ರೇಡಿಯೇಟರುಗಳ ನಿಜ ಸ್ಥಿತಿ ಹೊರಬೀಳುತ್ತದೆ.

ಅದೇ ಕಾಯ್ದೆಯ 43ನೇ ಕಲಮನ್ನು ದೂರದೂರಿನ ಪ್ರತಿಯೊಬ್ಬ ಕೊಳ್ಳುಗರೂ ತಿಳಿದಿರಬೇಕು. ನಿರಾಕರಿಸುವ ಹಕ್ಕಿದ್ದು ನಿರಾಕರಿಸಿದವರು, ಬೇರೆ ಕರಾರು ಇಲ್ಲದಿದ್ದರೆ, ಸರಕನ್ನು ವಾಪಸು ಒಯ್ದು ಮುಟ್ಟಿಸಬೇಕಿಲ್ಲ. ನಿರಾಕರಿಸಿದ್ದೇನೆ ಎಂದು ತಿಳಿಸಿದರೆ ಸಾಕು. ಬೆಂಗಳೂರಿನ ಯಾರ್ಡಿಗೆ ತಂದು ನಿಲ್ಲಿಸಿ ಎಂಬ ಮಾತಿಗೆ ಹೆದರಿ ಸಿದ್ದಾಪುರದವರು ಕೆಟ್ಟ ಗಾಡಿಯನ್ನು ನಾನೂರು ಕಿಲೋಮೀಟರ್ ಓಡಿಸುವ ಮೊದಲು ಕರಾರನ್ನು ಒಮ್ಮೆ ಓದಲಿ. ಆದರೆ ಈ ಹಕ್ಕು ಕೈತಪ್ಪುವುದೂ ಸುಲಭ. ತಕರಾರು ತಿಳಿಸದೆ ತಿಂಗಳುಗಟ್ಟಲೆ ಓಡಿಸಿದರೆ, ಊರಿನ ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿಸಿದರೆ, ಒಪ್ಪಿಕೊಂಡಂತಾಗುತ್ತದೆ. ಆಗ 13ನೇ ಕಲಮಿನಂತೆ ಕಾರು ಮರಳಿಸುವ ದಾರಿ ಮುಚ್ಚಿ, ನಷ್ಟ ಕೇಳುವ ದಾರಿಯಷ್ಟೇ ಉಳಿಯುತ್ತದೆ. ಆದ್ದರಿಂದ ದೋಷ ಕಂಡ ದಿನವೇ ಬರಹದಲ್ಲಿ ತಿಳಿಸಬೇಕು. ಫೋನಿನಲ್ಲಿ ಆಡಿದ ಮಾತಿಗೆ ದಾಖಲೆಯಿರುವುದಿಲ್ಲ. ಜಾಹೀರಾತಿನ ಚಿತ್ರವನ್ನೂ ತಪಾಸಣಾ ವರದಿಯನ್ನೂ ಮೊದಲ ದಿನವೇ ಉಳಿಸಿಕೊಳ್ಳಬೇಕು, ಗಾಡಿ ಮಾರಿದ ಮೇಲೆ ಆ ಪುಟ ಮಾಯವಾಗುತ್ತದೆ. 2023ರ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಇಂಥ ವಿದ್ಯುನ್ಮಾನ ಸಾಕ್ಷ್ಯದ ಜೊತೆ ಪ್ರಮಾಣಪತ್ರ ಕೇಳುತ್ತದೆ. ವಕೀಲರಿಗೆ ಅದನ್ನು ನೆನಪಿಸಿದರೆ ಒಳ್ಳೆಯದು.

"ನಾವು ಬರೀ ವೇದಿಕೆ, ಮಾರಿದವರು ಬೇರೆ" ಎಂಬುದು ಎರಡನೆಯ ವಾದ. 2020ರ ಇ-ವಾಣಿಜ್ಯ ನಿಯಮಗಳು ಇದಕ್ಕೆ ಉತ್ತರ ಕೊಟ್ಟಿವೆ. ವರ್ಣನೆಯೂ ಚಿತ್ರವೂ ಸರಕಿನ ನಿಜ ರೂಪಕ್ಕೆ ನೇರವಾಗಿ ಹೊಂದುತ್ತವೆ ಎಂದು ವೇದಿಕೆಯು ಮಾರಾಟಗಾರರಿಂದ ಮುಚ್ಚಳಿಕೆ ಪಡೆಯಬೇಕು. ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ಸರಕನ್ನು ಹಿಂದಕ್ಕೆ ಪಡೆಯಲಾರೆ ಎಂದು ಮಾರಾಟಗಾರರು ಹೇಳುವಂತಿಲ್ಲ. ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. 2023ರ ಏಪ್ರಿಲ್ 1ರಿಂದ ಮೋಟಾರು ವಾಹನ ನಿಯಮಗಳೂ ಬದಲಾಗಿವೆ. ಹಳೆಯ ಗಾಡಿಗಳ ವ್ಯಾಪಾರಿ ಸಾರಿಗೆ ಇಲಾಖೆಯಿಂದ ಅಧಿಕಾರಪತ್ರ ಪಡೆಯಬೇಕು. ಗಾಡಿ ಅವರ ಕೈಗೆ ಬಂದದ್ದನ್ನು ತಿಳಿಸಿದ ಮೇಲೆ ಅವರೇ ಅದರ ಮಾಲೀಕರೆಂದು ಪರಿಗಣನೆ. ಅವರ ಬಳಿ ಇದ್ದಷ್ಟು ಕಾಲ ಎಲ್ಲಿಗೆ, ಯಾಕೆ, ಎಷ್ಟು ಓಡಿಸಿದರು ಎಂಬುದರ ದಾಖಲೆ ಇಡಬೇಕು. ಕೊಳ್ಳುವ ಮುನ್ನ ಆ ಅಧಿಕಾರಪತ್ರದ ಸಂಖ್ಯೆ ಕೇಳುವುದು ಬಾನೆಟ್ ಎತ್ತಿ ನೋಡುವುದಕ್ಕಿಂತ ಹೆಚ್ಚಿನದನ್ನು ಹೇಳಬಲ್ಲದು. ವ್ಯಾಪಾರಿಯಲ್ಲದ ಒಬ್ಬ ಖಾಸಗಿ ವ್ಯಕ್ತಿಯಿಂದ ನೇರವಾಗಿ ಕೊಂಡರೆ ಮಾತ್ರ ಗ್ರಾಹಕ ಆಯೋಗದ ಬಾಗಿಲು ಸಾಮಾನ್ಯವಾಗಿ ತೆರೆಯದು. ಅಲ್ಲಿ ಸಿವಿಲ್ ಕೋರ್ಟೇ ದಾರಿ.

ನಮ್ಮ ನೆರೆಯ ಗೋವಾದ ಒಂದು ಪ್ರಕರಣ ಇಲ್ಲಿ ಪಾಠವಾಗುತ್ತದೆ. ಹೊಸ 2011ರ ಮಾದರಿ ಎಂದು ಹಣ ಪಡೆದು 2009ರಲ್ಲಿ ತಯಾರಾದ, ಆಗಲೇ ಓಡಿಸಿದ್ದ ಕಾರನ್ನು ಕೊಟ್ಟರು ಎಂಬ ದೂರು ಜಿಲ್ಲೆಯಿಂದ ಹತ್ತುತ್ತ ಸುಪ್ರೀಂ ಕೋರ್ಟು ಮುಟ್ಟಿತು. 2021ರ ಫೆಬ್ರವರಿಯಲ್ಲಿ ಬಂದ ತೀರ್ಪು ತಯಾರಕರಾದ ಟಾಟಾ ಮೋಟರ್ಸ್ ಅನ್ನು ಹೊಣೆಯಿಂದ ಬಿಡಿಸಿತು. ಅವರೂ ಮಾರಾಟಗಾರರೂ ಪ್ರತ್ಯೇಕ ವ್ಯವಹಾರಸ್ಥರು, ಈ ತಪ್ಪಿನಲ್ಲಿ ತಯಾರಕರ ಕೈವಾಡವನ್ನು ದೂರು ತೋರಿಸಿಲ್ಲ ಎಂಬುದು ಕಾರಣ. ಸರಪಳಿಯ ಪ್ರತಿಯೊಂದು ಕೊಂಡಿಯ ಮೇಲೂ ಅದು ಮಾಡಿದ್ದೇನು ಎಂಬುದನ್ನು ಬಿಡಿಯಾಗಿ ಹೇಳಿ ತೋರಿಸದಿದ್ದರೆ ಆ ಕೊಂಡಿ ಕಳಚಿಕೊಳ್ಳುತ್ತದೆ. ಸಾಲ ಕೊಟ್ಟವರನ್ನು ದೂರಿನಲ್ಲಿ ಎದುರುದಾರರಾಗಿ ಹೆಸರಿಸಿದರಷ್ಟೇ ಸಾಲದು ಎಂಬುದಕ್ಕೆ ಈ ತೀರ್ಪನ್ನು ನೆನೆದೆ.

ಈಗ ಸಾಲದ ಮಾತಿಗೆ ಬರೋಣ. ನಮ್ಮ ಕಾನೂನಿನ ಕಣ್ಣಿನಲ್ಲಿ ಇಲ್ಲಿ ಎರಡು ಕರಾರುಗಳಿವೆ: ಕಾರು ಕೊಂಡದ್ದು ಒಂದು, ಹಣ ಕಡ ಪಡೆದದ್ದು ಇನ್ನೊಂದು. ಕಾಗದದ ಮೇಲೆ ಅದು ಸರಿ. ನಡೆಯುವುದು ಬೇರೆ. ಕಾರು ಆರಿಸಿದ ಆ್ಯಪಿನಲ್ಲೇ ಸಾಲದ ಗುಂಡಿ ಇರುತ್ತದೆ. ಆಧಾರ್, ಪ್ಯಾನ್, ಸಿಬಿಲ್ ಸ್ಕೋರ್ ಎಲ್ಲ ಅಲ್ಲೇ. ಮಂಜೂರಾದ ಹಣ ಕೊಂಡವರ ಕೈ ಸೋಕುವುದೇ ಇಲ್ಲ, ನೇರವಾಗಿ ಮಾರಿದವರಿಗೆ ಹೋಗುತ್ತದೆ. ಸಾಲ ತಂದುಕೊಟ್ಟವರಿಗೆ ಕಮಿಷನ್ ಸಲ್ಲುತ್ತದೆ. ಆರ್‌ಸಿಯಲ್ಲಿ ಹೈಪಾಥಿಕೇಷನ್ ನಮೂದಾಗಿ, ಸಾಲ ಕೊಟ್ಟವರ ಹಿಡಿತ ಆ ಕಾರಿನ ಮೇಲೇ ಕೂರುತ್ತದೆ. ಕಂತು ತಪ್ಪಿದಾಗ ಕಾರು ಅವರದು, ಕಾರು ಕೆಟ್ಟದ್ದಾದಾಗ ಅವರಿಗೆ ಸಂಬಂಧವಿಲ್ಲ. ಈ ಎರಡು ನಿಲುವುಗಳನ್ನು ಒಬ್ಬರೇ ಒಟ್ಟಿಗೆ ತಾಳುವುದನ್ನು ಯಾವ ನ್ಯಾಯಬುದ್ಧಿಯೂ ಒಪ್ಪಲಾರದು.

ಬೇರೆ ದೇಶಗಳು ಇದನ್ನು ಅರ್ಧ ಶತಮಾನದ ಹಿಂದೆಯೇ ಬಗೆಹರಿಸಿಕೊಂಡಿವೆ. ಬ್ರಿಟನ್ನಿನ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಕಲಮಿನ ಪ್ರಕಾರ, 100 ಪೌಂಡಿಗಿಂತ ಹೆಚ್ಚು, 30,000 ಪೌಂಡಿನೊಳಗಿನ ವಸ್ತುವಿಗೆ ಮಾರಾಟಗಾರರ ಜೊತೆಗಿನ ಏರ್ಪಾಟಿನಲ್ಲಿ ಸಾಲ ಕೊಟ್ಟವರು ಮಾರಾಟಗಾರರ ಸುಳ್ಳಿಗೂ ಕರಾರುಭಂಗಕ್ಕೂ ಜೊತೆಹೊಣೆಗಾರರು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1975ರಲ್ಲಿ ಮಾಡಿದ ನಿಯಮದಂತೆ, ಇಂಥ ಸಾಲಪತ್ರದಲ್ಲೇ ಒಂದು ಒಕ್ಕಣೆ ಇರಬೇಕು: ಮಾರಾಟಗಾರರ ವಿರುದ್ಧ ಕೊಂಡವರಿಗಿರುವ ಎಲ್ಲ ತಕರಾರುಗಳೂ ಈ ಪತ್ರ ಹಿಡಿದವರ ವಿರುದ್ಧವೂ ಸಲ್ಲುತ್ತವೆ. ಆ ದೇಶಗಳಲ್ಲಿ ಹಳೆಯ ಕಾರಿನ ವ್ಯಾಪಾರವೇನೂ ನಿಂತುಹೋಗಲಿಲ್ಲ. ನಮ್ಮ ಸಂಸತ್ತೂ 1972ರಲ್ಲಿ ಬಾಡಿಗೆ-ಖರೀದಿ ಕಾಯ್ದೆಯನ್ನು ಮಾಡಿತ್ತು. ಹಣ ಹೂಡಿ ವಸ್ತು ಒದಗಿಸಿದವರ ಮೇಲೆ ಆ ವಸ್ತುವಿನ ಬಗ್ಗೆ ಕೆಲವು ಹೊಣೆಗಳನ್ನು ಅದು ಹೊರಿಸಿತ್ತು. ಆ ಕಾಯ್ದೆ ಜಾರಿಗೆ ಬರಲೇ ಇಲ್ಲ, 2005ರಲ್ಲಿ ರದ್ದಾಯಿತು. ಮೂರು ದಶಕ ಒಂದು ಗ್ರಾಹಕ ರಕ್ಷಣೆಯನ್ನು ಕಪಾಟಿನಲ್ಲಿಟ್ಟು ಕೊನೆಗೆ ಹರಿದೆಸೆದೆವು, ಅದರ ಜಾಗಕ್ಕೆ ಏನನ್ನೂ ತರಲಿಲ್ಲ. ನನಗೆ ಇದು ನೋವಿನ ಸಂಗತಿ.

ರಿಸರ್ವ್ ಬ್ಯಾಂಕ್ ಏನೂ ಮಾಡಿಲ್ಲ ಎಂದಲ್ಲ. 2024ರ ಅಕ್ಟೋಬರ್ 1ರಿಂದ ಪ್ರತಿ ಚಿಲ್ಲರೆ ಸಾಲಕ್ಕೂ ಬಡ್ಡಿ, ಶುಲ್ಕ, ವಾರ್ಷಿಕ ಒಟ್ಟು ದರಗಳನ್ನು ಬಿಡಿಸಿ ಹೇಳುವ ಮುಖ್ಯಾಂಶಗಳ ಪತ್ರವನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಅದನ್ನು ಕನ್ನಡದಲ್ಲೇ ಕೇಳಿ ಪಡೆಯುವುದು ನಮ್ಮ ಹಕ್ಕು, ಇದುವರೆಗೆ ನಾವು ಕೇಳಿದ್ದು ಕಡಿಮೆ. ಡಿಜಿಟಲ್ ಸಾಲದಲ್ಲಿ ಮನಸ್ಸು ಬದಲಿಸಿ ಹೊರಬರಲು ಒಂದು ಅವಧಿಯೂ ಉಂಟು. 2025ರ ನಿರ್ದೇಶನದಂತೆ ಅದು ಕನಿಷ್ಠ ಒಂದು ದಿನ. ಆದರೆ ಹೊರಬರಲು ಅಸಲನ್ನೂ ಅಷ್ಟು ದಿನದ ಬಡ್ಡಿ-ವೆಚ್ಚವನ್ನೂ ಹಿಂತಿರುಗಿಸಬೇಕು. ಅಸಲು ಇರುವುದು ಮಾರಿದವರ ಬಳಿ! ಕಾರು ಇನ್ನೂ ದಾರಿಯಲ್ಲಿರುವಾಗ ಆ ಅವಧಿ ಮುಗಿದಿರಲೂಬಹುದು. ಬಟ್ಟೆ, ಮೊಬೈಲು ಕೊಳ್ಳುವ ಸಣ್ಣ ಸಾಲಕ್ಕೆ ಈ ರಕ್ಷಣೆ ಒದಗೀತು, ಕಾರಿಗೆ ಒದಗದು.

ಆದರೂ ಅದೇ ನಿರ್ದೇಶನದಲ್ಲಿ ನಮ್ಮ ವಾದಕ್ಕೆ ಬೇಕಾದ ಬೀಜವಿದೆ. ಸಾಲ ಒದಗಿಸಿಕೊಡುವ ಆ್ಯಪನ್ನು ರಿಸರ್ವ್ ಬ್ಯಾಂಕ್ ಸಾಲಸಂಸ್ಥೆಯ ಏಜೆಂಟ್ ಎಂದೇ ನೋಡುತ್ತದೆ. ಅದರ ನಡತೆಯನ್ನು ಪರಿಶೀಲಿಸುವ ಹೊಣೆ ಸಾಲಸಂಸ್ಥೆಯದು, ಕೆಲಸವನ್ನು ಹೊರಗೆ ವಹಿಸಿದ ಮಾತ್ರಕ್ಕೆ ಆ ಹೊಣೆ ತಗ್ಗುವುದಿಲ್ಲ. ಸಾಲ ಕುದುರಿಸುವಾಗ ಸಾಲಸಂಸ್ಥೆಯ ಬಾಯಾಗಿ ಮಾತಾಡುವ ಆ್ಯಪು, ಅದೇ ಪರದೆಯ ಮೇಲೆ ಕಾರಿನ ಗುಣ ಹೇಳುವಾಗ ಯಾರೋ ಪರಕೀಯರಾಗುವುದು ಹೇಗೆ? ಇನ್ನೊಂದೇ ಹೆಜ್ಜೆ ಮುಂದಿಟ್ಟರೆ ಜೊತೆಹೊಣೆಯ ನಿಯಮ ಸಿದ್ಧವಾಗುತ್ತದೆ.

ಇದಕ್ಕೆ ಬರುವ ಆಕ್ಷೇಪ ಹಗುರವಲ್ಲ. ಕಾರಿನ ಒಳ್ಳೆಯದು ಕೆಟ್ಟದ್ದರ ಹೊಣೆ ಹೊರಬೇಕಾದರೆ ಸಾಲಸಂಸ್ಥೆಗಳು ಬಡ್ಡಿ ಏರಿಸುತ್ತವೆ, ದೂರದ ತಾಲ್ಲೂಕುಗಳಿಗೆ ಸಾಲವನ್ನೇ ನಿಲ್ಲಿಸುತ್ತವೆ, ಕೊನೆಗೆ ಪೆಟ್ಟು ಬೀಳುವುದು ನಿಮಗೇ ಎನ್ನುತ್ತಾರೆ. ಹಳೆಯ ಗಾಡಿಯ ಸಾಲಕ್ಕೆ ಈಗಲೂ ಹೊಸದಕ್ಕಿಂತ ಬಡ್ಡಿ ಹೆಚ್ಚೇ. ಆ ಹೆಚ್ಚಿನದನ್ನು ಪಡೆಯುವುದು ಅಪಾಯ ಹೆಚ್ಚು ಎಂಬ ಕಾರಣ ಹೇಳಿಯೇ. ಅಪಾಯದ ಬೆಲೆ ಪಡೆದವರು ಅಪಾಯದಲ್ಲಿ ಪಾಲು ಪಡೆಯಲಿ. ಜೊತೆಗೆ ನಾನು ಕೇಳುತ್ತಿರುವ ಹೊಣೆಗೆ ಒಂದು ಗಡಿಯಿದೆ. ಶಿರಸಿಯ ಸಹಕಾರಿ ಸಂಘದಿಂದಲೋ ತನ್ನ ಬ್ಯಾಂಕಿನಿಂದಲೋ ಒಬ್ಬರು ತಾವಾಗಿ ಸಾಲ ಪಡೆದು, ತಾವೇ ಹುಡುಕಿ ಕಾರು ಕೊಂಡರೆ ಆ ಸಂಘಕ್ಕೆ ಯಾವ ಹೊಣೆಯೂ ಬೇಡ, ಮಾರಿದವರಿಗೂ ಸಂಘಕ್ಕೂ ಅಲ್ಲಿ ನಂಟಿಲ್ಲ. ಮಾರಾಟಗಾರರ ಜೊತೆ ಒಪ್ಪಂದ ಮಾಡಿಕೊಂಡು, ಅವರ ಮೂಲಕವೇ ಸಾಲಗಾರರನ್ನು ಪಡೆದು, ಅವರಿಗೇ ಹಣ ಕಟ್ಟಿದ ಸಂಸ್ಥೆಗೆ ಮಾತ್ರ ಈ ನಿಯಮ. ಅಂಥ ಸಂಸ್ಥೆಗೆ ಮಾರಾಟಗಾರರ ಮೇಲೆ ಇರುವ ಹಿಡಿತ ಕುಮಟಾ ರಸ್ತೆಯ ಯಾವುದೋ ಕ್ರಾಸಿನಲ್ಲಿ ಗಾಡಿ ಕೆಟ್ಟು ನಿಂತ ಕುಟುಂಬಕ್ಕೆ ಎಂದೂ ಬರುವುದಿಲ್ಲ. ಸುಳ್ಳು ವರ್ಣನೆಯ ದೂರು ಹೆಚ್ಚಿದ ವ್ಯಾಪಾರಿಗೆ ಹಣ ತಡೆಹಿಡಿಯುತ್ತೇನೆ ಎಂದು ಅದು ಒಂದು ಮಾತು ಹೇಳಿದರೆ ಸಾಕು, ಮೀಟರು ತಿರುಗಿಸುವ ಕೈಗಳು ತಾವೇ ನಿಲ್ಲುತ್ತವೆ.

ನಿಯಮ ಬರುವವರೆಗೆ ಏನು ಮಾಡಬೇಕು? ಸಿಟ್ಟಿನಲ್ಲಿ ಕಂತು ನಿಲ್ಲಿಸುವುದನ್ನು ಮಾತ್ರ ಮಾಡಬಾರದು. ನಿಲ್ಲಿಸಿದರೆ ಸಿಬಿಲ್ ಸ್ಕೋರ್ ಕುಸಿಯುತ್ತದೆ, ದಂಡಶುಲ್ಕ ಬೀಳುತ್ತದೆ, ಕೊನೆಗೆ ಗಾಡಿ ಎತ್ತಿಕೊಂಡು ಹೋಗಲು ಜನ ಬರುತ್ತಾರೆ. ಬಲಪ್ರಯೋಗದಿಂದ ವಸೂಲಿ ಕೂಡದೆಂದು ಸುಪ್ರೀಂ ಕೋರ್ಟು 2007ರಲ್ಲೂ 2011ರಲ್ಲೂ ಹೇಳಿದೆ. ಆದರೆ ಕಂತು ತಪ್ಪಿದವರ ಗಾಡಿಯನ್ನು ಕರಾರಿನಂತೆ ವಶಪಡಿಸಿಕೊಳ್ಳುವ ಹಕ್ಕನ್ನು ಅದು ತೆಗೆದುಹಾಕಿಲ್ಲ. ಮೇಲಾಗಿ ವಾದದ ಮುಖ್ಯ ಸಾಕ್ಷಿಯೇ ಆ ಕಾರು. ಅದು ಹೋದರೆ ಪರೀಕ್ಷೆ ಯಾವುದರ ಮೇಲೆ? ತಕರಾರನ್ನು ಕಾದಿರಿಸಿ ಕಟ್ಟುತ್ತಿದ್ದೇನೆ ಎಂದು ಬರೆದು ತಿಳಿಸಿ ಕಂತು ಕಟ್ಟಬೇಕು, ಜೊತೆಗೇ ಆಯೋಗದ ಮೊರೆ ಹೋಗಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 38(8)ನೇ ಕಲಮಿನಡಿ ಆಯೋಗ ಮಧ್ಯಂತರ ಆದೇಶ ಕೊಡಬಲ್ಲದು. ತೀರ್ಪು ಬರುವವರೆಗೆ ಕಂತಿನ ವಸೂಲಿಗೆ ತಡೆ ಕೇಳಲು ಅದೇ ಜಾಗ. ಸಾಲಸಂಸ್ಥೆ ದೂರಿಗೆ 30 ದಿನ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ಬರೆಯಬಹುದು.

2019ರ ಕಾಯ್ದೆ ದೂರದ ಕೊಳ್ಳುಗರಿಗೆ ಕೊಟ್ಟ ದೊಡ್ಡ ಬಲವೆಂದರೆ ಊರು. ದೂರು ಕೊಡುವವರು ತಾವು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು. ತಕರಾರು ಬಂದರೆ ಇಂಥ ದೂರದ ನಗರದ ನ್ಯಾಯಾಲಯಕ್ಕೇ ಬರಬೇಕು, ಮಧ್ಯಸ್ಥಿಕೆಗೇ ಹೋಗಬೇಕು ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾದದ್ದನ್ನು ಕಂಡು ಎದೆಗುಂದಬೇಕಿಲ್ಲ; ಮಧ್ಯಸ್ಥಿಕೆಯ ಕರಾರು ಗ್ರಾಹಕ ಆಯೋಗದ ದಾರಿಗೆ ಅಡ್ಡವಲ್ಲವೆಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟಪಡಿಸಿದೆ. ಐದು ಲಕ್ಷದವರೆಗಿನ ವಸ್ತುವಿಗೆ ದೂರಿನ ಶುಲ್ಕವೂ ಇಲ್ಲ. ಕಂತಿನ ಮೇಲೆ ಕೊಂಡವರೂ ಗ್ರಾಹಕರೇ, ಜಾಲದ ಮೂಲಕ ಕೊಂಡವರೂ ಗ್ರಾಹಕರೇ ಎಂದು ಕಾಯ್ದೆ ಬಾಯಿಬಿಟ್ಟು ಹೇಳಿದೆ. ಜೋಗಕ್ಕೂ ಯಾಣಕ್ಕೂ ಪ್ರವಾಸಿಗರನ್ನು ಒಯ್ದು ಅದರಿಂದಲೇ ಹೊಟ್ಟೆ ಹೊರೆಯುವ, ತಾನೇ ಓಡಿಸುವ ಮಾಲೀಕನಿಗೂ ಈ ರಕ್ಷಣೆ ಸಲ್ಲುತ್ತದೆ.

ಆದರೆ ನಮ್ಮ ಜಿಲ್ಲೆಯ ಆಯೋಗ ಇರುವುದು ಕಾರವಾರದಲ್ಲಿ. ಶಿರಸಿಯಿಂದ, ಸಿದ್ದಾಪುರದಿಂದ ಅದು ನೂರು ಕಿಲೋಮೀಟರಿಗೂ ಮಿಕ್ಕಿದ ಘಟ್ಟದ ದಾರಿ. 2025ರ ಜನವರಿ 1ರಿಂದ ಇರುವ ಇ-ಜಾಗೃತಿ ಜಾಲದಲ್ಲಿ ದೂರು ಸಲ್ಲಿಸಬಹುದು, ವಿಡಿಯೊ ಮೂಲಕ ವಾದ ಕೇಳಲು ಕಾಯ್ದೆಯಲ್ಲಿ ಅವಕಾಶವಿದೆ. ಜೂನ್-ಜುಲೈಯಲ್ಲಿ ದಿನಗಟ್ಟಲೆ ಕರೆಂಟೂ ನೆಟ್‌ವರ್ಕೂ ಇಲ್ಲದ ಊರುಗಳಿಗೆ ಇದು ಅರ್ಧ ಪರಿಹಾರ. ಒಂದು ಜಿಲ್ಲೆಗೆ ಒಂದಕ್ಕಿಂತ ಹೆಚ್ಚು ಆಯೋಗ ಸ್ಥಾಪಿಸಲು 28ನೇ ಕಲಮು ರಾಜ್ಯ ಸರ್ಕಾರಕ್ಕೆ ಅಧಿಕಾರ ಕೊಟ್ಟಿದೆ, ಬೆಂಗಳೂರಿನಲ್ಲಿ ಹಲವು ಇವೆ. ಶಿರಸಿಯನ್ನು ಪ್ರತ್ಯೇಕ ಜಿಲ್ಲೆ ಮಾಡಿ ಎಂಬ ಹಳೆಯ ಬೇಡಿಕೆ ಈಡೇರುವಾಗ ಈಡೇರಲಿ. ಅಲ್ಲಿಯವರೆಗೆ ಘಟ್ಟದ ಮೇಲಿನ ತಾಲ್ಲೂಕುಗಳಿಗಾಗಿ ಶಿರಸಿಯಲ್ಲೊಂದು ಆಯೋಗ ಕೇಳುವುದು ಅತಿಯಾಸೆಯಲ್ಲ.

ದೋಷ ಸಾಬೀತು ಮಾಡುವ ಹೊರೆ ಮಾತ್ರ ದೂರುದಾರರದೇ. ಊರಿನ ನುರಿತ ಮೆಕ್ಯಾನಿಕ್ಕುಗಳು ಕೇಳಿದ ಕೂಡಲೇ ಬಾಯಲ್ಲಿ ಹೇಳಿಬಿಡುತ್ತಾರೆ, "ಇದು ನೀರು ಹೊಕ್ಕ ಗಾಡಿ, ನೋಡಿದ್ರೆ ಗೊತ್ತಾಗ್ತದೆ" ಎಂದು. ಬರೆದು ಸಹಿ ಹಾಕಿ ಎಂದಾಗ ಹಿಂದೆ ಸರಿಯುತ್ತಾರೆ. ಕೋರ್ಟು ಕಚೇರಿ ಅಲೆಯಲು ಯಾರಿಗೂ ಇಷ್ಟವಿಲ್ಲ, ಅದು ಅರ್ಥವಾಗುವ ಮಾತೇ. ಆದರೆ ನಮ್ಮ ಗ್ಯಾರೇಜಿನವರು ದಿನಾಂಕ, ಮೀಟರಿನ ಓದು, ಕಂಡ ದೋಷ, ಫೋಟೋ ಇಷ್ಟನ್ನು ತಮ್ಮ ಬಿಲ್ಲಿನ ಹಾಳೆಯ ಮೇಲೆ ಬರೆದುಕೊಡುವ ರೂಢಿ ಬೆಳೆಸಿಕೊಂಡರೆ ಅದು ಊರಿಗೆ ಮಾಡುವ ದೊಡ್ಡ ಉಪಕಾರ. ಗಾಡಿಯನ್ನು ತಜ್ಞರ ಪರೀಕ್ಷೆಗೆ ಒಪ್ಪಿಸಿ ಎಂದು ಆಯೋಗವನ್ನೂ ಕೇಳಿಕೊಳ್ಳಬಹುದು. ಆಯೋಗಕ್ಕೆ ದೂರು ಕೊಡಲು ಗಡುವು ಎರಡು ವರ್ಷ.

ನಮ್ಮ ಸಂಸದರಿಗೆ, ಶಾಸಕರಿಗೆ, ಗ್ರಾಹಕ ಸಂಘಟನೆಗಳಿಗೆ, ರೈತರ ಸಹಕಾರಿ ಸಂಘಗಳಿಗೆ ಒಂದು ವಿನಂತಿ. ಮಾರಾಟಗಾರರ ಮೂಲಕವೇ ಕೊಟ್ಟ ವಾಹನ ಸಾಲದಲ್ಲಿ, ವಾಹನ ವರ್ಣನೆಗೆ ಹೊಂದಿಲ್ಲವೆಂದು ನಿಗದಿತ ದಿನಗಳೊಳಗೆ ಬರೆದು ದೂರಿದರೆ, ತಕರಾರು ತೀರುವವರೆಗೆ ಕಂತು ತಡೆಯಬೇಕು, ಸಿಬಿಲ್‌ಗೆ ಕೆಟ್ಟ ವರದಿ ಹೋಗಬಾರದು, ಮಾರಾಟ ರದ್ದಾದರೆ ಸಾಲವೂ ರದ್ದಾಗಬೇಕು ಎಂಬ ನಿಯಮವನ್ನು ರಿಸರ್ವ್ ಬ್ಯಾಂಕಿನಿಂದ ಕೇಳಿ. ಇದಕ್ಕೆ ಸಂಸತ್ತಿನಲ್ಲಿ ಹೊಸ ಕಾಯ್ದೆ ಬರುವವರೆಗೆ ಕಾಯಬೇಕಿಲ್ಲ. ಸಾಲಸಂಸ್ಥೆಗಳನ್ನು ನಿಯಂತ್ರಿಸುವ ಅಧಿಕಾರ ರಿಸರ್ವ್ ಬ್ಯಾಂಕಿಗೆ ಈಗಲೇ ಇದೆ, ಒಂದು ಸುತ್ತೋಲೆ ಸಾಕು.